ಸೋಲಿನಲ್ಲಿ ನಿನ್ನ ಪಾಲೆಷ್ಟು?

ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿ ಓದುತ್ತಿರುವ ಮಗಳಂಥ ಹುಡುಗಿಗೆ,

ಈ ಸಲವೂ ನೇಮಕಾತಿ ಪರೀಕ್ಷೆಯ ಪಟ್ಟಿಯಲ್ಲಿ ನಿನ್ನ ನಂಬರ್ ಬರಲಿಲ್ಲ. ‘ಮುಂದಿನ ಸಲ ಆಗೇ ಆಗುತ್ತೆ ಬಿಡು’ ಎನ್ನುವವರು ಬೇಕಾದಷ್ಟಿದ್ದಾರೆ. ಸರ್ಕಾರಿ ನೌಕರಿಯಲ್ಲೇ ತಲೆ ನರೆತ ನಾನು ಆ ಮಾತು ಹೇಳಲಾರೆ. ಆಗುವುದೋ ಬಿಡುವುದೋ ಯಾರಿಗೆ ಗೊತ್ತು?

ಈ ಸೋಲಿನಲ್ಲಿ ನಿನ್ನ ಪಾಲೆಷ್ಟು, ನಿನ್ನದಲ್ಲದ್ದೆಷ್ಟು ಎಂದು ಮೊದಲು ಬೇರ್ಪಡಿಸು. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆಯಾಯಿತು. ಒಎಂಆರ್ ಹಾಳೆ ತಿದ್ದಿದ್ದು, ಬ್ಲೂಟೂತ್‌ನಲ್ಲಿ ಉತ್ತರ ಹೇಳಿಸಿಕೊಂಡದ್ದು ಹೊರಬಿದ್ದು ಮುಂದಿನ ಏಪ್ರಿಲ್‌ನಲ್ಲಿ ಅದನ್ನು ರದ್ದು ಮಾಡಿದರು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ನಿಯತ್ತಿನಿಂದ ಬರೆದು ಆಯ್ಕೆಯಾಗಿದ್ದವರೂ ಅಷ್ಟು ಕಾಲ ಕಾದು ಮತ್ತೆ ಬರೆದರು. ಅವರಲ್ಲಿ ಎರಡನೇ ಸಲ ಹಿಂದೆ ಬಿದ್ದವರನ್ನು ಫೇಲಾದವರು ಎನ್ನಲು ನನಗೆ ನಾಲಗೆ ಏಳದು. 384 ಹುದ್ದೆಗಳ ಕೆಎಎಸ್ ಕಥೆ ನಿನಗೇ ಗೊತ್ತು. 2024ರ ಆಗಸ್ಟ್‌ನ ಪ್ರಿಲಿಮ್ಸ್‌ನಲ್ಲಿ ಕನ್ನಡ ಅನುವಾದ ಕುಲಗೆಟ್ಟಿತ್ತು, ಮರುಪರೀಕ್ಷೆಗೆ ಸರ್ಕಾರವೇ ಹೇಳಬೇಕಾಯಿತು. ಡಿಸೆಂಬರ್ 29ರಂದು ಮತ್ತೆ ಬರೆದರೆ ಅಲ್ಲೂ ಅದೇ ದೂರು. ಕನ್ನಡದಲ್ಲೇ ಓದಿದವಳು ಪ್ರಶ್ನೆ ಅರ್ಥ ಮಾಡಿಕೊಳ್ಳಲು ಇಂಗ್ಲಿಷ್ ನೋಡಬೇಕಾಗಿ ಬಂದರೆ, ಕಳೆದ ಆ ನಿಮಿಷಗಳಿಗೆ ಅಂಕ ಕೊಡುವವರಾರು? ಅದು ನಿನ್ನ ಪಾಲಲ್ಲ. ಅದನ್ನು ಹೊತ್ತುಕೊಂಡು ತಿರುಗಬೇಡ.

ಇನ್ನು ಸ್ವಲ್ಪ ಖಾರದ ಮಾತು. ಎಲ್ಲವನ್ನೂ ಲೋಕಸೇವಾ ಆಯೋಗದ ತಲೆಗೆ ಕಟ್ಟಿದರೂ ಆಗದು. ಒಎಂಆರ್‌ನ ಕಾರ್ಬನ್ ಪ್ರತಿಯನ್ನು ಕೀ ಉತ್ತರದ ಪಕ್ಕದಲ್ಲಿಟ್ಟುಕೊಂಡು ಕೂತುಕೋ. ತಪ್ಪು ಉತ್ತರಕ್ಕೆ ಕಾಲು ಭಾಗ ಕಳೆಯುತ್ತಾರಲ್ಲ, ಹಾಗೆ ಹೋದದ್ದೆಷ್ಟು? ಅದರಲ್ಲಿ ಪ್ರಶ್ನೆಯೇ ಕೆಟ್ಟದ್ದಾಗಿದ್ದು ಎಷ್ಟು, ಓದಿದ್ದರೂ ಎಡವಿದ್ದು ಎಷ್ಟು, ಸುಮ್ಮನೆ ಗೆಸ್ ಹೊಡೆದದ್ದೆಷ್ಟು? ಪ್ರತಿ ಸಲವೂ ಅದೇ ಅರ್ಥಶಾಸ್ತ್ರ, ಅದೇ ಮೆಂಟಲ್ ಎಬಿಲಿಟಿ ಕೈಕೊಟ್ಟಿದ್ದರೆ ಕೋಚಿಂಗ್ ಸೆಂಟರ್ ಬದಲಿಸಿ ಫಲವಿಲ್ಲ. ಇಷ್ಟು ಮಾಡುವವರೆಗೆ ಆ ಟೆಲಿಗ್ರಾಂ ಗ್ರೂಪುಗಳಿಂದ ಹೊರಗಿರು. ಕಟಾಫ್ ಎಷ್ಟಾಗಬಹುದು ಎಂದು ರಾತ್ರಿಯೆಲ್ಲ ಚರ್ಚಿಸುವವರು ಓದುವುದು ಯಾವಾಗಲೋ!

ಎಸ್‌ಡಿಎ, ಪಿಡಿಒ ಅರ್ಜಿ ಕರೆದಾಗ ‘ನಾನು ಕೆಎಎಸ್‌ಗೆ ಓದುವವಳು’ ಎಂದು ಮೂಗು ಮುರಿಯಬೇಡ. ಸಂಬಳ ಪಡೆಯುತ್ತ ಓದುವುದಕ್ಕೂ ಅಪ್ಪನ ದುಡ್ಡಿನಲ್ಲಿ ಓದುವುದಕ್ಕೂ ನಿದ್ದೆಯಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ಖಾಸಗಿ ಕೆಲಸಕ್ಕೆ ಹೋದೆಯಾದರೆ ‘ಇಷ್ಟು ವರ್ಷ ಏನು ಮಾಡುತ್ತಿದ್ದೆ?’ ಅಂತ ಕೇಳಿಯೇ ಕೇಳುತ್ತಾರೆ. ಪರೀಕ್ಷೆಗೆ ಓದುತ್ತಿದ್ದೆ, ಆಗಲಿಲ್ಲ ಅನ್ನು. ಸುಳ್ಳು ಅನುಭವ ಪತ್ರ ಮಾಡಿಸಿಕೊಡುವವರ ಹತ್ತಿರ ಮಾತ್ರ ಹೋಗಬೇಡ. ಬಿಟ್ಟುಹೋದ ಎಕ್ಸೆಲ್, ಟ್ಯಾಲಿ ಈಗಿನಿಂದಲೇ ಕೈಗೆ ತಂದುಕೋ.

ಊರಿಗೆ ಫೋನ್ ಮಾಡಿದಾಗಲೆಲ್ಲ ‘ರಿಸಲ್ಟ್ ಇನ್ನೂ ಬಂದಿಲ್ಲ’ ಎನ್ನುತ್ತಿದ್ದೀಯಾದರೆ ಅದನ್ನು ಇವತ್ತೇ ನಿಲ್ಲಿಸು. ಈ ಭಾನುವಾರ ಬಸ್ಸು ಹತ್ತು. ರೂಮಿನ ಬಾಡಿಗೆ, ಖಾನಾವಳಿ, ರೀಡಿಂಗ್ ರೂಮಿನ ಫೀಸು ಎಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ ಅಪ್ಪನ ಮುಂದಿಡು. ಇನ್ನೆಷ್ಟು ತಿಂಗಳು ಕಳಿಸಲು ಅವರಿಂದ ಆಗುತ್ತದೆಂದು ಕೇಳು. ಕೊನೆಯ ತಾರೀಖನ್ನು ಇಬ್ಬರೂ ಸೇರಿ ಗೊತ್ತು ಮಾಡಿ.

ಇಂತಿ,
ನಿನ್ನ ಹಿತೈಷಿ ಹಿರಿಯ