ಯಂತ್ರಶಾಲೆಯ ದ್ರವಗಳೂ ದುಡಿಯುವ ಕೈಗಳೂ

‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಗದ್ದೆಯ ಕೆಸರು ನೀರಿನಿಂದ ತೊಳೆದರೆ ಹೋಗುವುದು. ಯಂತ್ರಶಾಲೆಯಲ್ಲಿ ದುಡಿಯುವವನ ಕೈಗೆ ಅಂಟುವ ಎಣ್ಣೆಯಾದರೋ ಅಷ್ಟು ಸುಲಭವಾಗಿ ಬಿಡುವಂಥದಲ್ಲ. ಮುಂಬಯಿ, ಪುಣೆಗಳಂಥ ನಗರಗಳಲ್ಲಿ ಲೇತ್, ಡ್ರಿಲ್ಲಿಂಗ್, ಮಿಲ್ಲಿಂಗ್ ಯಂತ್ರಗಳ ಮುಂದೆ ನಿಂತು ಸಂಸಾರ ಸಾಗಿಸುವ ಕನ್ನಡಿಗರಿದ್ದಾರೆ. ನಮ್ಮ ವಿದ್ಯಾರ್ಥಿಗಳಲ್ಲಿಯೂ ಕೆಲವರು ಮುಂದೆ ಐ.ಟಿ.ಐ. ಸೇರಿ ಅದೇ ಕಸುಬನ್ನು ಹಿಡಿಯಬಹುದು. ಆದುದರಿಂದ ಈ ವಿಷಯವನ್ನು ಇಲ್ಲಿ ಸಂಕ್ಷೇಪವಾಗಿ ವಿವರಿಸುವುದು ಉಚಿತವೆನಿಸುತ್ತದೆ.

ಲೋಹವನ್ನು ಕತ್ತರಿಸುವಾಗ ಉಳಿಯ ಮೊನೆಯಲ್ಲಿ ವಿಪರೀತ ಶಾಖವುಂಟಾಗುತ್ತದೆ. ಕತ್ತರಿಸುವ ಸ್ಥಳದ ಮೇಲೆ ನೀರಿನ ಧಾರೆಯನ್ನು ಹರಿಸಿದರೆ ಕೆಲಸದ ವೇಗವನ್ನು ಶೇಕಡಾ 40ರವರೆಗೆ ಹೆಚ್ಚಿಸಬಹುದೆಂದು ಅಮೆರಿಕದ ಎಂಜಿನಿಯರ್ ಫ್ರೆಡರಿಕ್ ಟೇಲರ್ 1907ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ತೋರಿಸಿದನು. ಆದರೆ ಬರಿಯ ನೀರಿನಿಂದ ಕಬ್ಬಿಣ ತುಕ್ಕು ಹಿಡಿಯುವುದು, ಜಾರಿಕೆಯೂ ಸಾಲದು. ಆದಕಾರಣ ನೂರು ಪಾಲಿನಲ್ಲಿ ಸಾಮಾನ್ಯವಾಗಿ 3ರಿಂದ 10 ಪಾಲು ವಿಶೇಷ ಎಣ್ಣೆಯನ್ನು ಬೆರೆಸಿ, ಹಾಲಿನಂತೆ ಬೆಳ್ಳಗಿರುವ ದ್ರವವನ್ನು ಬಳಸುವರು. ಇದನ್ನೇ ಕೆಲಸಗಾರರು ಕೂಲಂಟ್ ಎನ್ನುವರು. ಇದರಲ್ಲಿ ಎಣ್ಣೆಯನ್ನೂ ನೀರನ್ನೂ ಕೂಡಿಸುವ ಸಾಬೂನಿನಂಥ ವಸ್ತು, ತುಕ್ಕು ತಡೆಯುವ ರಾಸಾಯನಿಕ, ಕ್ರಿಮಿನಾಶಕ ಇವೆಲ್ಲವೂ ಸೇರಿರುತ್ತವೆ.

ನಮ್ಮ ಚರ್ಮದ ಹೊರಪದರವು ಇಟ್ಟಿಗೆಯ ಗೋಡೆಯನ್ನು ಹೋಲುತ್ತದೆ. ಸತ್ತ ಜೀವಕೋಶಗಳೇ ಇಟ್ಟಿಗೆಗಳು. ಅವುಗಳ ನಡುವಣ ಜಿಡ್ಡೇ ಗಾರೆ. ದೇಹದ ಬಹುಭಾಗದಲ್ಲಿ ಈ ಗೋಡೆಯ ದಪ್ಪ ಒಂದು ಮಿಲಿಮೀಟರಿನ ಸುಮಾರು 50ನೆಯ ಒಂದು ಭಾಗ ಮಾತ್ರ. ಕೂಲಂಟಿನಲ್ಲಿರುವ ಸಾಬೂನಿನಂಥ ವಸ್ತುವು ಈ ಗಾರೆಯನ್ನು ಕರಗಿಸುತ್ತದೆ. ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯವಾದುದು, ಕೂಲಂಟ್ ಕ್ಷಾರೀಯವಾದುದು. ಸಾಲದುದಕ್ಕೆ ಲೋಹದ ಸಣ್ಣ ಚೂರುಗಳು ಚರ್ಮವನ್ನು ಗೀರುತ್ತವೆ. ಹೀಗೆ ಗೋಡೆ ಬಿರುಕುಬಿಟ್ಟಲ್ಲಿ ರಾಸಾಯನಿಕಗಳು ಒಳಹೊಗುವುದು ಸುಲಭ.

ಮೊದಲು ಕಾಣುವುದು ಬೆರಳ ಸಂದುಗಳಲ್ಲಿ ಒಣಗುವಿಕೆ, ಕೆಂಪು, ತುರಿಕೆ. ಅಲಕ್ಷಿಸಿದರೆ ಚರ್ಮ ಸೀಳುವುದು. ಕೆಲವರಿಗೆ ಕ್ರಿಮಿನಾಶಕವಾಗಲಿ, ದ್ರವದಲ್ಲಿ ಕರಗಿದ ನಿಕ್ಕಲ್, ಕೋಬಾಲ್ಟ್, ಕ್ರೋಮಿಯಂ ಆಗಲಿ ಒಗ್ಗದಂತಾಗುತ್ತದೆ. ಈ ಅಲರ್ಜಿ ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವಮಾನವೆಲ್ಲ ಉಳಿಯುವುದು. ಅನಂತರ ತೊಟ್ಟು ದ್ರವವೂ ಸಾಕು, ಕೈ ಊದಲು. ಹತ್ತು ವರ್ಷ ಕಲಿತ ಕಸುಬನ್ನು ಬಿಡಬೇಕಾಗಿ ಬರುವುದು ಹೀಗೆಯೇ. ಶುದ್ಧ ಎಣ್ಣೆಯನ್ನು ಬಳಸುವಲ್ಲಿ ಮುಂಗೈಯ ಮೇಲೂ, ಎಣ್ಣೆ ಹೀರಿದ ಉಡುಪು ತಗಲುವ ತೊಡೆಯ ಮೇಲೂ ಗುಳ್ಳೆಗಳೇಳುತ್ತವೆ.

ಇದಕ್ಕಿಂತ ಘೋರವಾದ ಪಾಠವನ್ನು ಇತಿಹಾಸ ಹೇಳುತ್ತದೆ. ಹೊಗೆಗೂಡು ಗುಡಿಸುವವರಿಗೆ ಮಸಿಯಿಂದ ಚರ್ಮದ ಕ್ಯಾನ್ಸರ್ ಬರುವುದೆಂದು ಲಂಡನ್ನಿನ ವೈದ್ಯ ಪರ್ಸಿವಲ್ ಪಾಟ್ 1775ರಲ್ಲಿ ಬರೆದನು. 1922ರಲ್ಲಿ ಮ್ಯಾಂಚೆಸ್ಟರಿನ ವೈದ್ಯರಾದ ಸೌದಮ್ ಮತ್ತು ವಿಲ್ಸನ್, ಹತ್ತಿಯ ಗಿರಣಿಗಳ ನೂಲುಗಾರರಲ್ಲಿ ಅದೇ ರೋಗವನ್ನು ಗುರುತಿಸಿದರು. ಯಂತ್ರದ ಎಣ್ಣೆ ಅವರ ಉಡುಪನ್ನು ನಿತ್ಯವೂ ನೆನೆಸುತ್ತಿತ್ತು. ಚೆನ್ನಾಗಿ ಶುದ್ಧೀಕರಿಸದ ಖನಿಜತೈಲವು ಕ್ಯಾನ್ಸರ್‌ಕಾರಕವೆಂದು ಇಂದು ನಿರ್ವಿವಾದವಾಗಿ ಅಂಗೀಕೃತವಾಗಿದೆ.

ಹಾನಿ ಚರ್ಮಕ್ಕೆ ಮಾತ್ರವಲ್ಲ. ವೇಗವಾಗಿ ತಿರುಗುವ ಯಂತ್ರವು ದ್ರವವನ್ನು ಮಂಜಿನಂತೆ ಚೆಲ್ಲುತ್ತದೆ. ಅದನ್ನು ಉಸಿರಾಡಿದವರಿಗೆ ಕೆಮ್ಮು, ಉಬ್ಬಸ, ಶ್ವಾಸಕೋಶದ ಉರಿಯೂತಗಳು ಬರಬಹುದು. ಒಂದು ಘನಮೀಟರ್ ಗಾಳಿಯಲ್ಲಿ ಇಂಥ ಸೂಕ್ಷ್ಮ ಕಣಗಳು 0.4 ಮಿಲಿಗ್ರಾಂ ಮೀರಬಾರದೆಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯು 1998ರಲ್ಲಿ ಶಿಫಾರಸು ಮಾಡಿತು.

ಇನ್ನು ರಕ್ಷಣೆಯ ಉಪಾಯಗಳನ್ನು ನೋಡೋಣ.

1. ದ್ರವವನ್ನು ಅಳತೆಯಿಂದ ಬೆರೆಸಬೇಕು. ನೀರಿಗೆ ಎಣ್ಣೆಯನ್ನು ಹೊಯ್ಯಬೇಕೇ ಹೊರತು ಎಣ್ಣೆಗೆ ನೀರನ್ನಲ್ಲ. ಗಟ್ಟಿಯಾದಷ್ಟೂ ಚರ್ಮಕ್ಕೆ ಕೇಡು. ತೆಳುವಾದರೆ ಕ್ರಿಮಿಗಳು ಬೆಳೆಯುವುವು.

2. ವಾರದ ರಜೆಯ ಮರುದಿನ ಟ್ಯಾಂಕಿನಿಂದ ಕೊಳೆತ ಮೊಟ್ಟೆಯ ವಾಸನೆ ಬಂದರೆ ದ್ರವ ಕೆಟ್ಟಿತೆಂದೇ ಅರ್ಥ. ಮೇಲೆ ತೇಲುವ ಎಣ್ಣೆಯು ಗಾಳಿಯನ್ನು ತಡೆದುದರಿಂದ, ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಒಳಗೆ ಹೆಚ್ಚಿರುತ್ತವೆ. ತೇಲುವ ಎಣ್ಣೆಯನ್ನು ಆಗಾಗ ತೆಗೆಯಬೇಕು. ಕೆಟ್ಟ ದ್ರವವನ್ನು ಚೆಲ್ಲಿ ಟ್ಯಾಂಕನ್ನು ತೊಳೆಯಬೇಕು. ಅಳತೆಯಿಲ್ಲದೆ ಕ್ರಿಮಿನಾಶಕ ಸುರಿಯುವುದು ಮದ್ದಲ್ಲ. ಅದೇ ಚರ್ಮಕ್ಕೆ ವಿಷವಾಗುವುದು.

3. ಯಂತ್ರಕ್ಕೆ ಮರೆಯನ್ನೂ ಮಂಜನ್ನು ಹೀರುವ ವ್ಯವಸ್ಥೆಯನ್ನೂ ಒದಗಿಸುವುದು ಕೈಚೀಲಕ್ಕಿಂತ ಉತ್ತಮ. ತಿರುಗುತ್ತಿರುವ ಯಂತ್ರದ ಬಳಿ ಕೈಚೀಲ ತೊಡುವುದು ಅಪಾಯಕರ. ಅದು ಸಿಕ್ಕಿಕೊಂಡರೆ ಕೈಯನ್ನೇ ಎಳೆಯುವುದು. ಯಂತ್ರ ನಿಂತಿರುವಾಗ, ದ್ರವ ಬೆರೆಸುವಾಗ, ಟ್ಯಾಂಕ್ ತೊಳೆಯುವಾಗ ಮಾತ್ರ ಅದನ್ನು ತೊಡಬೇಕು.

4. ಸೀಮೆಎಣ್ಣೆಯಿಂದಾಗಲಿ, ಥಿನ್ನರಿನಿಂದಾಗಲಿ ಕೈ ತೊಳೆಯಬಾರದು. ಎಣ್ಣೆಯೊಡನೆ ಚರ್ಮದ ಜಿಡ್ಡೂ ಹೋಗುವುದು. ಸೌಮ್ಯವಾದ ಸಾಬೂನು, ನೀರು ಸಾಕು. ಒರೆಸಿಕೊಂಡ ಬಳಿಕ ಕೈಗೆ ಕ್ರೀಮನ್ನು ಹಚ್ಚುವುದು ಹಿತಕರ.

5. ಎಣ್ಣೆಯ ಚಿಂದಿಯನ್ನು ಜೇಬಿನಲ್ಲಿಡಬಾರದು. ಉಡುಪನ್ನು ಕಂಪ್ರೆಸರಿನ ಗಾಳಿಯಿಂದ ಝಾಡಿಸಬಾರದು. ಕೆಲಸದ ಉಡುಪನ್ನು ಬದಲಿಸಿಯೇ ಮನೆಗೆ ಹೊರಡಬೇಕು. ಅದನ್ನು ಮಕ್ಕಳ ಬಟ್ಟೆಯೊಡನೆ ಒಗೆಯಬಾರದು.

ಇವೆಲ್ಲವೂ ಕೆಲಸಗಾರನೊಬ್ಬನ ಹೊಣೆಯೆಂದು ತಿಳಿಯಬಾರದು. ತೊಳೆಯುವ ಸೌಕರ್ಯವನ್ನು ಮಾಲಿಕನೇ ಒದಗಿಸಬೇಕೆಂದು ನಮ್ಮ ದೇಶದ 1948ರ ಕಾರ್ಖಾನೆಗಳ ಕಾಯಿದೆಯು ವಿಧಿಸಿತು. ರಾಸಾಯನಿಕಗಳ ಸ್ಪರ್ಶದಿಂದಾಗುವ ಚರ್ಮರೋಗವೂ ಆ ಕಾಯಿದೆಯ ವರದಿ ಮಾಡಬೇಕಾದ ರೋಗಗಳ ಪಟ್ಟಿಯಲ್ಲಿ ಸೇರಿತ್ತು. ಎಂದರೆ ಅದು ‘ಕಸುಬಿನವನಿಗೆ ಇದ್ದದ್ದೇ’ ಎಂದು ಸುಮ್ಮನಿರಬೇಕಾದ ತುರಿಕೆಯಲ್ಲ. ಕಸುಬಿನಿಂದ ಬಂದ ರೋಗ.

ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲಿ ತಂದೆಯವರಾಗಲಿ ಅಣ್ಣನಾಗಲಿ ಇಂಥ ಕೆಲಸದಲ್ಲಿದ್ದರೆ ಅವರ ಬೆರಳ ಸಂದುಗಳನ್ನೊಮ್ಮೆ ನೋಡಿರಿ. ಕೆಂಪೋ ಬಿರುಕೋ ಕಂಡರೆ, ರಜೆಯ ದಿನಗಳಲ್ಲಿ ಅದು ತಗ್ಗುವುದೇ ಎಂದು ವಿಚಾರಿಸಿರಿ. ತಗ್ಗುವುದಾದರೆ ಕಾರಣ ಬಹುಮಟ್ಟಿಗೆ ಕೆಲಸದ ಸ್ಥಳದಲ್ಲಿದೆ. ಆಗ ತಡಮಾಡದೆ ಚರ್ಮವೈದ್ಯರನ್ನು ಕಾಣುವಂತೆಯೂ, ತಾವು ಬಳಸುವ ದ್ರವದ ಹೆಸರನ್ನು ವೈದ್ಯರಿಗೆ ತಿಳಿಸುವಂತೆಯೂ ಅವರಿಗೆ ಹೇಳಿರಿ. ಆರಂಭದಲ್ಲಿಯೇ ಗುರುತಿಸಿದರೆ ಕೈಯೂ ಉಳಿಯುವುದು, ಕಸುಬೂ ಉಳಿಯುವುದು.