ಮಳೆ ನಕ್ಷತ್ರಗಳ ದಾಖಲೆ: ಗಡಿಭಾಗದ ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಶೋಧನೆ

ವಿಜ್ಞಾನ ಪ್ರದರ್ಶನದ ಸುತ್ತೋಲೆ ಶಾಲೆಗೆ ತಲುಪಿದ ಬಳಿಕ ಮಾದರಿಯೊಂದನ್ನು ಹುಡುಕಿ, ಥರ್ಮೋಕೋಲಿನಲ್ಲಿ ಕಟ್ಟಿ, ಅದರ ವಿವರಣೆಯನ್ನು ಮಗುವಿಗೆ ಬಾಯಿಪಾಠ ಮಾಡಿಸುವುದು ಅನೇಕ ಕಡೆ ರೂಢಿಯಾಗಿದೆ. ರಾಯದುರ್ಗ ಮತ್ತು ಮಡಕಶಿರಾ ಭಾಗದ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ತೀರ್ಪುಗಾರರು ಸಾಮಾನ್ಯವಾಗಿ ತೆಲುಗು ಬಲ್ಲವರು. ಆದುದರಿಂದ ವರದಿಯನ್ನು ಶಿಕ್ಷಕರೇ ತೆಲುಗಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಬರೆದುಕೊಡುತ್ತಾರೆ. ಮಗು ಅದನ್ನು ಒಪ್ಪಿಸುತ್ತದೆ. ವರದಿಯಲ್ಲಿಲ್ಲದ ಪ್ರಶ್ನೆಯೊಂದು ಬಂದೊಡನೆ ಮೌನವಾಗುತ್ತದೆ. ಕನ್ನಡ ಶಾಲೆಯ ಮಕ್ಕಳಿಗೆ ವಿಜ್ಞಾನ ಬಾರದೆಂದು ನೋಡಿದವರು ಎಣಿಸುತ್ತಾರೆ. ಪೋಷಕರೂ ಹಾಗೆಯೇ ಎಣಿಸಿ ಮರುವರ್ಷ ಮಗುವನ್ನು ಬೇರೆ ಮಾಧ್ಯಮಕ್ಕೆ ಸೇರಿಸುವುದುಂಟು. ಮಗು ಮೌನವಾದದ್ದು ಕನ್ನಡದಲ್ಲಿ ಕಲಿತುದರಿಂದಲ್ಲ. ತಾನು ಕಾಣದ, ಅಳೆಯದ ಸಂಗತಿಯನ್ನು ಹೇಳಬೇಕಾಗಿ ಬಂದುದರಿಂದ.

1993ರಿಂದ ನಡೆದುಬಂದಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವು 10ರಿಂದ 17 ವರ್ಷದ ಮಕ್ಕಳಿಗೆ ಮೀಸಲಾದುದು. ಅಲ್ಲಿ ಮಾದರಿಗಿಂತ ಊರಿನ ಸಮಸ್ಯೆಯ ಅಧ್ಯಯನಕ್ಕೆ, ಮಕ್ಕಳೇ ಬರೆದ ದಿನಚರಿ ಪುಸ್ತಕಕ್ಕೆ ಬೆಲೆ. ಇಂತಹ ವೇದಿಕೆಗೆ ಗಡಿಭಾಗದ ಶಾಲೆ ಒಯ್ಯಬಹುದಾದ ವಿಷಯ ಅಂಗಳದಲ್ಲಿಯೇ ಇದೆ: ಮಳೆ.

ಅನಂತಪುರ ಸೀಮೆ ಮಳೆಯ ನೆರಳಿನ ನಾಡು. ಇಲ್ಲಿಯ ರೈತರು ಮಳೆಯನ್ನು ತಿಂಗಳುಗಳಲ್ಲಿ ಎಣಿಸದೆ ನಕ್ಷತ್ರಗಳಲ್ಲಿ ಎಣಿಸುತ್ತಾರೆ. ಸೂರ್ಯನು 27 ನಕ್ಷತ್ರಗಳನ್ನು ಒಂದು ವರ್ಷದಲ್ಲಿ ದಾಟುವುದರಿಂದ ಒಂದೊಂದು ಮಳೆಗೆ ಹದಿಮೂರು ಹದಿನಾಲ್ಕು ದಿನ. ಯಾವ ಮಳೆಗೆ ಬಿತ್ತನೆ, ಯಾವ ಮಳೆ ತಪ್ಪಿದರೆ ಕಾಯಿ ಕಟ್ಟದು ಎಂಬುದನ್ನು ಮನೆಯ ಹಿರಿಯರು ಬಲ್ಲರು. ರಾಯದುರ್ಗದ ಕಡೆಯ ಮಗು ಶೇಂಗಾ ಎನ್ನುವುದನ್ನು ಮಡಕಶಿರಾದ ಮಗು ಕಡಲೆಕಾಯಿ ಎಂದೀತು. ನಕ್ಷತ್ರದ ಹೆಸರು ಮಾತ್ರ ಎರಡೂ ಕಡೆ ಒಂದೇ. ತೆಲುಗಿನವರು ಇದನ್ನೇ ಕಾರ್ತೆ ಎನ್ನುತ್ತಾರೆ. ಹಿರಿಯರ ಮಾತನ್ನು ಮಕ್ಕಳು ಮೊದಲು ಬರೆದುಕೊಳ್ಳಲಿ. ಆ ಮೇಲೆ ಪ್ರತಿ ನಕ್ಷತ್ರದಲ್ಲಿಯೂ ಎಷ್ಟು ಮಳೆ ಬಿತ್ತೆಂದು ಅಳೆಯಲಿ. ಹೇಳಿಕೆಯಿಂದ ಅಳತೆಗೆ ಬರುವ ಈ ಹೆಜ್ಜೆಯೇ ಸಂಶೋಧನೆಯ ಆರಂಭ.

ಉಪಕರಣಕ್ಕೆ ಹಣ ಬೇಕಿಲ್ಲ. ನೇರ ಬದಿಯುಳ್ಳ ಎರಡು ಲೀಟರಿನ ಪಾನೀಯದ ಬಾಟಲಿಯನ್ನು ಹೆಗಲಿನ ಕೆಳಗೆ ಕತ್ತರಿಸಿ, ಮೇಲ್ಭಾಗವನ್ನು ಬೋರಲಾಗಿ ಆಲಿಕೆಯಂತೆ ಕೂಡಿಸಬೇಕು. ತಳ ಉಬ್ಬುತಗ್ಗಾಗಿರುವುದರಿಂದ ಬೆಣಚುಕಲ್ಲು ತುಂಬಿ, ಅವು ಮುಳುಗುವಷ್ಟು ನೀರು ಹೊಯ್ದು, ಆ ಮಟ್ಟದಲ್ಲಿ ಸೊನ್ನೆಯ ಗೆರೆ ಎಳೆದು, ಅಲ್ಲಿಂದ ಮೇಲಕ್ಕೆ ಅಳತೆಪಟ್ಟಿ ಅಂಟಿಸಬೇಕು. ಆಲಿಕೆಯ ಬಾಯಿಯೂ ಬಾಟಲಿಯ ಅಗಲವೂ ಒಂದೇ ಆದುದರಿಂದ ಪಟ್ಟಿಯ ಮೇಲಿನ ಮಿಲಿಮೀಟರೇ ಮಳೆಯ ಮಿಲಿಮೀಟರು. ಮರ, ಗೋಡೆಗಳಿಂದ ದೂರ, ನಾಲ್ಕು ಇಟ್ಟಿಗೆಗಳ ನಡುವೆ ಇದನ್ನು ನಿಲ್ಲಿಸತಕ್ಕದ್ದು. ಹವಾಮಾನ ಇಲಾಖೆಯ ಪದ್ಧತಿಯಂತೆ ಬೆಳಿಗ್ಗೆ 8.30ಕ್ಕೆ ಓದಿ, ನೀರನ್ನು ಮತ್ತೆ ಸೊನ್ನೆಯ ಗೆರೆಗೆ ತರಬೇಕು. ಮಳೆಯಿಲ್ಲದ ದಿನವೂ ಇದು ತಪ್ಪಬಾರದು. ಬಿಸಿಲಿಗೆ ನೀರು ಆವಿಯಾಗಿ ಗೆರೆಯಿಂದ ಕೆಳಗಿಳಿದಿರುತ್ತದೆ.

ದಾಖಲೆಯ ಶಿಸ್ತು ಉಪಕರಣಕ್ಕಿಂತ ಕಠಿಣ. ಅಳೆಯದ ದಿನದ ಮನೆಯಲ್ಲಿ ಸೊನ್ನೆ ಬರೆಯಕೂಡದು. ಅದನ್ನು ಖಾಲಿ ಬಿಡಬೇಕು. ‘ಮಳೆ ಬರಲಿಲ್ಲ’ ಎಂಬುದಕ್ಕೂ ‘ನೋಡಲಿಲ್ಲ’ ಎಂಬುದಕ್ಕೂ ಇರುವ ಅಂತರವನ್ನು ಮಗು ಇಲ್ಲಿ ಕಲಿತಂತೆ ಯಾವ ಪಾಠದಲ್ಲಿಯೂ ಕಲಿಯಲಾರದು. ಅನಂತಪುರದಲ್ಲಿ ಹೆಚ್ಚು ಮಳೆ ಸೆಪ್ಟೆಂಬರಿನಲ್ಲಿ, ಎಂದರೆ ಹುಬ್ಬೆ, ಉತ್ತರೆಗಳಲ್ಲಿ. ಅದರ ಬೆನ್ನಿಗೇ ಬರುವ ಹಸ್ತೆಯ ದಿನಗಳಲ್ಲಿ ಅನೇಕ ವರ್ಷ ದಸರಾ ರಜೆ ಬೀಳುತ್ತದೆ. ಆಗ ಮಳೆಮಾಪಕವು ಶಾಲೆಗೆ ಹತ್ತಿರದ ಮಗುವಿನ ಮನೆಯಂಗಳಕ್ಕೆ ಹೋಗಲಿ, ಸ್ಥಳ ಬದಲಾದುದನ್ನು ದಾಖಲಿಸಲಿ. ಒಂದು ವರ್ಷದ ಅಂಕಿಗಳಿಂದ ಹಿರಿಯರ ಮಾತು ಸುಳ್ಳೆಂದಾಗಲಿ ನಿಜವೆಂದಾಗಲಿ ತೀರ್ಮಾನಿಸುವುದು ಸಲ್ಲದು. 6ನೆಯ ತರಗತಿಯವರು ಆರಂಭಿಸಿದ ಪುಸ್ತಕ ಅವರು 10ನೆಯ ತರಗತಿ ಮುಗಿಸುವಾಗ ಐದು ವರ್ಷದ್ದಾಗಿರುತ್ತದೆ. ಅದನ್ನು ಕಿರಿಯರಿಗೆ ಒಪ್ಪಿಸಿ ಹೋಗಬೇಕು.

ಗಣಿತದ ಶಿಕ್ಷಕರಿಗೂ ಇಲ್ಲಿ ಪಾಲುಂಟು. ಒಂದು ಚದರ ಮೀಟರಿನ ಮೇಲೆ ಬಿದ್ದ ಒಂದು ಮಿಲಿಮೀಟರ್ ಮಳೆ ಒಂದು ಲೀಟರ್ ನೀರು. ಶಾಲೆಯ ಮಾಳಿಗೆ 10 ಮೀಟರ್ ಉದ್ದ, 6 ಮೀಟರ್ ಅಗಲವಿದ್ದರೆ 20 ಮಿಲಿಮೀಟರಿನ ಒಂದು ಮಳೆಗೆ 1,200 ಲೀಟರ್ ಹರಿದುಹೋಯಿತು. ಅದು ಎಲ್ಲಿಗೆ ಹೋಯಿತೆಂದು ಮಕ್ಕಳೇ ಕೇಳುತ್ತಾರೆ.

ಇನ್ನು ಭಾಷೆಯ ಮಾತು. ದಿನಚರಿ ಪುಸ್ತಕ, ಸಂದರ್ಶನ, ಚರ್ಚೆ ಎಲ್ಲವೂ ಕನ್ನಡದಲ್ಲಿಯೇ ನಡೆಯಲಿ. ಅಂಕಿಗಳ ಕೋಷ್ಟಕಕ್ಕೂ ನಕ್ಷೆಗೂ ಅನುವಾದ ಬೇಡ. ಕೊನೆಯಲ್ಲಿ ಒಂದು ಪುಟದ ತೆಲುಗು ಸಾರಾಂಶವನ್ನು ಮಕ್ಕಳೇ ಸಿದ್ಧಪಡಿಸಲಿ. ಸಂತೆ, ಬಸ್‌ಸ್ಟ್ಯಾಂಡ್‌ಗಳಲ್ಲಿ ತೆಲುಗು ಆಡುವ ಮಕ್ಕಳಿಗೆ ಇದು ಅಸಾಧ್ಯವಲ್ಲ. ಪದಗಳ ಪಟ್ಟಿಯೊಂದು ಜೊತೆಗಿರಬೇಕು. ನಮ್ಮ ಸರಾಸರಿಗೆ ತೆಲುಗಿನಲ್ಲಿ ಸಗಟು ಎನ್ನುವುದುಂಟು. ಕನ್ನಡದ ಮಗುವಿಗೆ ಸಗಟು ಎಂದರೆ ಮಂಡಿಯ ವ್ಯಾಪಾರ! ಇಂತಹವನ್ನು ಮೊದಲೇ ತಿಳಿಸದಿದ್ದರೆ ಬಲ್ಲ ಮಗುವೂ ತಡವರಿಸುತ್ತದೆ.

ಮಳೆಯೊಂದೇ ವಿಷಯವೆಂದಲ್ಲ. ಬೊಮ್ಮನಹಾಳು, ಕಣೇಕಲ್ಲು ಮಂಡಲಗಳಲ್ಲಿ ವೇದಾವತಿಯ, ಎಂದರೆ ಹಗರಿಯ, ಮರಳು ಮುಂಗಾರಿನ ಗಾಳಿಗೆ ಹೊಲಗಳನ್ನು ಮುಚ್ಚುತ್ತದೆ. ಗುರುತು ಹಾಕಿದ ಕೋಲುಗಳನ್ನು ಹೊಲದ ಅಂಚಿನಲ್ಲಿ ನೆಟ್ಟು ವಾರಕ್ಕೊಮ್ಮೆ ಅಳೆದರೆ ಅದೂ ಅಧ್ಯಯನವೇ. ಆದರೆ ಮೊದಲ ವರ್ಷ ಒಂದೇ ಕೆಲಸ ಸಾಕು.

ಆಂಧ್ರದ ಶಾಲೆಗಳು ಜೂನ್ ಮಧ್ಯಭಾಗದಲ್ಲಿ ತೆರೆಯುವ ಹೊತ್ತಿಗೆ ಮೃಗಶಿರೆ ಅರ್ಧ ಕಳೆದಿರುತ್ತದೆ. ಆದುದರಿಂದ ಮೊದಲ ವಾರದಲ್ಲಿ ಬಾಟಲಿಯನ್ನು ಸಿದ್ಧಪಡಿಸಿಕೊಂಡು, ಜೂನ್ 22ರ ಸುಮಾರಿಗೆ ಹುಟ್ಟುವ ಆರಿದ್ರಾ ಮಳೆಯಿಂದ ದಾಖಲೆಯನ್ನು ಆರಂಭಿಸುವುದು ಅನುಕೂಲ.