ಬಾಟಲಿಯ ಪಾಡ್ ಬಿತ್ತನೆ ಬೀಜ

ಬ್ಯಾಟರಾಯನಪುರದಲ್ಲಿ ರೀಫ್ ಟ್ಯಾಂಕ್, ಅಂದರೆ ಹವಳ ದಿಬ್ಬದ ಮಾದರಿಯ ಉಪ್ಪುನೀರಿನ ಅಕ್ವೇರಿಯಂ, ಇಟ್ಟವರಿಗೆ ಸಮುದ್ರ ಸಿಗುವುದು ಉಪ್ಪಿನ ಡಬ್ಬಿಯಲ್ಲಿ. ಆರ್‌ಒ ನೀರಿಗೆ ಅದನ್ನು ಬೆರೆಸಿ ಲವಣಾಂಶವನ್ನು ಕಿಲೋಗೆ 35 ಗ್ರಾಂಗೆ ತಂದರೆ ನೀರೇನೋ ಸಿದ್ಧ, ಅದರಲ್ಲಿ ಜೀವ ಮಾತ್ರ ಇಲ್ಲ. ಹವಳ ದಿಬ್ಬದ ಜೀವಂತ ಕಲ್ಲು ಇಟ್ಟರೆ ಅದರ ಸಂದುಗಳಲ್ಲಿ ಮೀನಿಗೆ ಮೇವಾಗುವ ಪುಟ್ಟ ಕಠಿಣಚರ್ಮಿಗಳಾದ ಕೋಪೆಪಾಡ್‌ಗಳು, ಅಂದರೆ ಪಾಡ್‌ಗಳು, ತಾವಾಗಿಯೇ ಬರುತ್ತವೆ. ಆದರೆ ನಮ್ಮಲ್ಲಿ ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ನೇತ್ರಾಣಿಯ ಹವಳವನ್ನು ಕೀಳುವಂತಿಲ್ಲ, ಕೀಳಲೂಬಾರದು. ಹಾಗಾಗಿ ಒಣಕಲ್ಲಿನಿಂದಲೇ ಶುರು, ಪಾಡ್‌ಗಳನ್ನು ಬಾಟಲಿಯಲ್ಲಿ ತಂದು ಬಿಡಬೇಕು. ಎಡವುವುದು ಇಲ್ಲೇ. ಆ ಬಾಟಲಿ ಬಿತ್ತನೆ ಬೀಜ, ಊಟದ ಅಕ್ಕಿಯಲ್ಲ ಎಂಬುದು ಈ ಹವ್ಯಾಸದಲ್ಲಿ ನಾನು ಕಲಿತ ಮುಖ್ಯ ಪಾಠ.

ರಾತ್ರಿ ದೀಪ ಆರಿಸಿ ಗಾಜಿಗೆ ಟಾರ್ಚ್ ಹಿಡಿದರೆ ಟಿಸ್ಬೆ ಎಂಬ ಪಾಡ್ ಕಾಣುತ್ತದೆ. ಒಂದು ಮಿಲಿಮೀಟರೋ ಅದಕ್ಕೂ ಕಡಿಮೆಯೋ ಇರುವ ಬಿಳಿ ಚುಕ್ಕೆ, ತಡೆದು ತಡೆದು ಹರಿದಾಡುತ್ತದೆ. ಭೂತಗನ್ನಡಿ ಹಿಡಿದರೆ ಹೆಣ್ಣಿನ ಬಾಲದ ಬುಡದಲ್ಲಿ ಒಂದೇ ಒಂದು ಮೊಟ್ಟೆಚೀಲ. ಹುಟ್ಟಿದ ಮರಿ ಆರು ನಾಪ್ಲಿಯಸ್ ಹಂತ, ಐದು ಕೋಪೆಪೊಡಿಡ್ ಹಂತ ದಾಟಿಯೇ ದೊಡ್ಡದಾಗಬೇಕು. 25 ಡಿಗ್ರಿ ಆಸುಪಾಸಿನಲ್ಲಿ ಅದಕ್ಕೆ ಹೆಚ್ಚುಕಡಿಮೆ ಎರಡು ವಾರ. ಈ ಪಾಡ್‌ಗಳನ್ನು ತಿಂದು ಬದುಕುವ ಮ್ಯಾಂಡರಿನ್ ಮೀನಾದರೋ ಹಗಲಿಡೀ ಕಲ್ಲು ಕುಕ್ಕುತ್ತಲೇ ಇರುತ್ತದೆ. ಪಾಡ್ ಬಿಟ್ಟ ವಾರದಲ್ಲೇ ಅದನ್ನು ತಂದರೆ ಮೊಟ್ಟೆಯಿಡುವ ಹೆಣ್ಣುಗಳೇ ಮೊದಲು ಖಾಲಿ. ಮೂರು ನಾಲ್ಕು ತಲೆಮಾರು ಕಳೆಯಲಿ, ಅಂದರೆ ಎರಡು ತಿಂಗಳು ಕಾಯಿರಿ. ಅಷ್ಟರಲ್ಲಿ ಸಂಪಿನಲ್ಲಿ, ನೆಲದಡಿಯ ಸಂಪಲ್ಲ, ಟ್ಯಾಂಕಿನ ಕೆಳಗಿನ ಗಾಜಿನ ತೊಟ್ಟಿಯಲ್ಲಿ, ಕೀಟೊ ಪಾಚಿಯ ಒಂದು ಗಂಟು ಬೆಳೆಸಿದರೆ ಮೀನಿನ ಬಾಯಿಗೆ ಸಿಗದ ತವರು ಸಿದ್ಧವಾಗುತ್ತದೆ. ಮೇವಿಗೆ ನ್ಯಾನೊಕ್ಲೋರೊಪ್ಸಿಸ್‌ನಂಥ ಹಸಿರು ಪಾಚಿ ನೀರನ್ನು ದಿನಕ್ಕಿಷ್ಟೇ ಎಂದು ಹಾಕಬೇಕು. ಹೆಚ್ಚಾದರೆ ನೈಟ್ರೇಟ್ ಏರುತ್ತದೆ. ತಾಮ್ರದ ಔಷಧಿಯನ್ನಂತೂ ಟ್ಯಾಂಕಿನ ಹತ್ತಿರವೂ ತರಬೇಡಿ. ಮೀನಿನ ರೋಗಾಣುವನ್ನು ಕೊಲ್ಲುವ ಪ್ರಮಾಣ ಪಾಡ್‌ಗಳನ್ನೂ ಕೊಲ್ಲುತ್ತದೆ.

ಜಕ್ಕೂರು, ರಾಚೇನಹಳ್ಳಿ ಕೆರೆಗಳು ಪಕ್ಕದಲ್ಲೇ ಇರುವಾಗ ಬಾಟಲಿ ಯಾಕೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಕೆರೆ ನೀರಿನ ಸೈಕ್ಲಾಪ್ಸ್ ಕೂಡ ಕೋಪೆಪಾಡೇ, ಅದರ ಹೆಣ್ಣು ಎರಡೆರಡು ಮೊಟ್ಟೆಚೀಲ ಹೊರುತ್ತದೆ. ಆದರೆ ಸಿಹಿನೀರಿನ ಈ ಜೀವಿ ಸಮುದ್ರದ ಉಪ್ಪಿನಲ್ಲಿ ಬದುಕಲಾರದು. ನೀರಿನ ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರ್ ಮತ್ತು ಪಂಪ್ ಸೇರಿ ಪಾಡ್‌ಗಳನ್ನು ಮುಗಿಸಿಬಿಡುತ್ತವೆ ಎಂಬುದು ಇನ್ನೊಂದು ಆತಂಕ. ಒಂದಿಷ್ಟು ಹೋಗುವುದು ನಿಜ; ಆದರೆ ಟಿಸ್ಬೆಯಂಥವು ಬಾಳುವುದು ಕಲ್ಲು, ಗಾಜು, ಪಾಚಿಗೆ ಅಂಟಿಕೊಂಡು. ಹೊಸ ಪಾಡ್ ಬಿಟ್ಟ ರಾತ್ರಿ ಕೆಲವು ಗಂಟೆ ಸ್ಕಿಮ್ಮರ್ ನಿಲ್ಲಿಸಿದರೆ ಸಾಕು. ತಿಂಗಳಿಗೊಂದು ಬಾಟಲಿ ಸುರಿಯುತ್ತಿದ್ದರಾಯಿತಲ್ಲ ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಕೊರಿಯರ್ ಎರಡು ದಿನ ತಡವಾದರೂ ಮೀನಿನ ಹಸಿವು ಕಾಯುವುದಿಲ್ಲ. ಅದಕ್ಕಿಂತ ವಾರಕ್ಕೊಮ್ಮೆ ಅದೇ ಟಾರ್ಚ್ ಹಿಡಿದು ಗಾಜಿನ ಅದೇ ಮೂಲೆ ನೋಡಿ. ಮೊಟ್ಟೆಚೀಲ ಹೊತ್ತ ಹೆಣ್ಣುಗಳು ವಿರಳವಾದವೆಂದರೆ ಆಗಲೇ ಸಂಪಿನ ಪಾಚಿಗಂಟಿನ ಒಂದು ಹಿಡಿಯನ್ನು ಟ್ಯಾಂಕಿನ ನೀರಲ್ಲಿ ಕೊಡವಬೇಕು. ಮೀನಿನ ಹೊಟ್ಟೆ ಒಳಸರಿಯುವ ತನಕ ಕಾದರೆ ತಡವಾಯಿತು.